ಯಂತ್ರ ಚೆನ್ನಾಗಿದೆ, ಕೊಳ್ಳುವವರು ಯಾರು?

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಚಾಲಕರ ಕ್ಯಾಬಿನ್‌ಗೆ ಹವಾನಿಯಂತ್ರಣ ವ್ಯವಸ್ಥೆ ಇರಲೇಬೇಕೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಕಾದ ಎಂಜಿನ್ನಿನ ಪಕ್ಕದಲ್ಲಿ ಹಗಲಿರುಳೆನ್ನದೆ ಕೂರುವ ಚಾಲಕರ ಮಟ್ಟಿಗೆ ಇದು ತಡವಾಗಿ ಬಂದ ನ್ಯಾಯ. ಆದರೆ ಇದೇ ನಿಯಮವನ್ನು ಬಸವಕಲ್ಯಾಣದಲ್ಲಿ ನಿಂತು ಓದಿದರೆ ಮತ್ತೊಂದು ಮುಖವೂ ಕಾಣುತ್ತದೆ.

ಬಸವಕಲ್ಯಾಣ ಶರಣರ ನೆಲವೆಂದು ನಾಡಿಗೆಲ್ಲ ಪರಿಚಿತ. ಹೆದ್ದಾರಿಯಲ್ಲಿ ದುಡಿಯುವವರಿಗೆ ಅದು ಲಾರಿಗಳ ಊರು ಕೂಡ. ಲಾರಿ ಮಾಲೀಕರು, ಚಾಲಕರು, ಬಾಡಿ ಕಟ್ಟುವ ಬಡಗಿಗಳು, ವೆಲ್ಡಿಂಗ್ ಮತ್ತು ಪೇಂಟಿಂಗ್ ಕೆಲಸಗಾರರು ಈ ಒಂದೇ ಉದ್ಯಮವನ್ನು ನೆಚ್ಚಿಕೊಂಡಿದ್ದಾರೆ. ಬರಿಯ ಚಾಸಿ ತಂದು ಊರಿನಲ್ಲೇ ಕ್ಯಾಬಿನ್ ಮತ್ತು ಬಾಡಿ ಕಟ್ಟಿಸುವುದು ಈ ದೇಶದ ಲಾರಿ ವ್ಯವಹಾರದ ಹಳೆಯ ಪದ್ಧತಿ. ಕ್ಯಾಬಿನ್ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿದಷ್ಟೂ ಊರಿನ ಗ್ಯಾರೇಜಿನ ಕೆಲಸದಲ್ಲಿ ಒಂದು ಪಾಲು ಕರಗುತ್ತದೆ. ಬಡಗಿಯ ಕೈಚಳಕ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಆ ಕೈಚಳಕವನ್ನು ಕೂಲಿಯಾಗಿ, ಲಾಭವಾಗಿ ಬದಲಿಸುತ್ತಿದ್ದ ಏರ್ಪಾಡು ಮಾತ್ರ ಕಳಚಿಕೊಳ್ಳುತ್ತದೆ. ಇನ್ನು ಮುಂದೆ ಆತ ಯಾರಿಗೆ ಏನನ್ನು ಮಾರಬೇಕು? ತರಕಾರಿ ಸಾಗಿಸುವ ಶೀತಲ ಪೆಟ್ಟಿಗೆಯನ್ನೇ, ಹಳೆಯ ಲಾರಿಗಳ ವಾರ್ಷಿಕ ದುರಸ್ತಿಯ ಗುತ್ತಿಗೆಯನ್ನೇ, ಕ್ಯಾಬಿನ್‌ನ ಹವಾನಿಯಂತ್ರಕದ ನಿರ್ವಹಣೆಯನ್ನೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆಗೆ ವ್ಯವಹಾರ ಮಾದರಿಯ ವಿನ್ಯಾಸ ಎಂದು ಹೆಸರು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಬಿಸಿನೆಸ್ ಮಾಡೆಲ್. ಇದು ಎಂಬಿಎ ಓದುವವರ ಸ್ವತ್ತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ವಸ್ತುಗಳ ರೂಪ, ಬಳಕೆ ಮತ್ತು ತಯಾರಿಕೆಯನ್ನು ಯೋಜಿಸುವ ಕೈಗಾರಿಕಾ ವಿನ್ಯಾಸದ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಬೇಕೇ, ಕಲಿಸುವುದಾದರೆ ಎಲ್ಲಿ ಮತ್ತು ಹೇಗೆ ಎಂಬುದು ಬೀದರ್‌ನಂತಹ ಗಡಿ ಜಿಲ್ಲೆಯ ಬದುಕಿಗೆ ನೇರವಾಗಿ ಸಂಬಂಧಿಸಿದ ವಿಷಯ.

ಮರೆತುಹೋದ ಮೂಲ ಪ್ರಶ್ನೆ

ಭಾರತದಲ್ಲಿ ವಿನ್ಯಾಸ ಶಿಕ್ಷಣದ ಚರಿತ್ರೆ 1958ರ ಒಂದು ವರದಿಯಿಂದ ಆರಂಭವಾಗುತ್ತದೆ. ಸಣ್ಣ ಕೈಗಾರಿಕೆಗಳಿಗೆ ನೆರವಾಗುವಂತಹ ವಿನ್ಯಾಸ ತರಬೇತಿ ಹೇಗಿರಬೇಕೆಂದು ತಿಳಿಸುವಂತೆ ಭಾರತ ಸರ್ಕಾರ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಕೇಳಿಕೊಂಡಿತ್ತು. ಅವರ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. 1969ರಲ್ಲಿ ಮುಂಬೈ ಐಐಟಿಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ ಆರಂಭವಾಯಿತು. ಕೇಂದ್ರ ಸಚಿವ ಸಂಪುಟ 2007ರಲ್ಲಿ ರಾಷ್ಟ್ರೀಯ ವಿನ್ಯಾಸ ನೀತಿಗೆ ಒಪ್ಪಿಗೆ ಕೊಟ್ಟಿತು.

ಈಮ್ಸ್ ದಂಪತಿ ತಮ್ಮ ವರದಿಯಲ್ಲಿ ಬಹಳವಾಗಿ ಮೆಚ್ಚಿದ ಭಾರತೀಯ ವಸ್ತು ನಮ್ಮ ಮನೆಗಳ ತಂಬಿಗೆ. ಅದನ್ನು ವಿನ್ಯಾಸ ಮಾಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೇ ಅವರು ಕೊಟ್ಟಿದ್ದಾರೆ. ಸೊಂಟದ ಮೇಲೆ, ತಲೆಯ ಮೇಲೆ ಅದು ಹೇಗೆ ಕೂರುತ್ತದೆ, ನೀರು ಹೇಗೆ ಸುರಿಯುತ್ತದೆ ಎಂಬುವಷ್ಟೇ ಅಲ್ಲಿಲ್ಲ. ಲೋಹಕ್ಕೆ ಎಷ್ಟು ವೆಚ್ಚ, ಕೆಲಸಕ್ಕೆ ಎಷ್ಟು ವೆಚ್ಚ, ಹಳತಾದ ಮೇಲೆ ಆ ಲೋಹಕ್ಕೆ ಎಷ್ಟು ಬೆಲೆ, ಅದನ್ನು ಮಾರುವವನಿಗೆ ಹೇಗನಿಸುತ್ತದೆ ಎಂಬ ಪ್ರಶ್ನೆಗಳೂ ಅದೇ ಪಟ್ಟಿಯಲ್ಲಿವೆ. ವ್ಯವಹಾರದ ವಿಚಾರ ವಿನ್ಯಾಸ ಶಿಕ್ಷಣಕ್ಕೆ ಹೊರಗಿನಿಂದ ಬಂದದ್ದಲ್ಲ, ಅದರ ಬುನಾದಿಯಲ್ಲೇ ಇದ್ದದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2010ರಲ್ಲಿ ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಮತ್ತು ಈವ್ ಪಿನ್ಯೂರ್ ಅವರ ಪುಸ್ತಕದ ಮೂಲಕ ಒಂಬತ್ತು ಅಂಕಣಗಳ ಒಂದು ನಕ್ಷೆ ಜಗತ್ತಿನ ತರಗತಿಗಳಲ್ಲಿ ಜನಪ್ರಿಯವಾಯಿತು. ಗಿರಾಕಿ ಯಾರು, ಅವರಿಗೆ ಸಿಗುವ ಪ್ರಯೋಜನವೇನು, ಅದು ಯಾವ ದಾರಿಯಲ್ಲಿ ತಲುಪುತ್ತದೆ, ಸಂಬಂಧ ಹೇಗೆ ಉಳಿಯುತ್ತದೆ, ಹಣ ಎಲ್ಲಿಂದ ಬರುತ್ತದೆ. ಬೇಕಾದ ಸಂಪನ್ಮೂಲ, ಮಾಡಬೇಕಾದ ಕೆಲಸ, ಜೊತೆಗಾರರು ಮತ್ತು ಖರ್ಚು ಯಾವುವು ಎಂಬುದನ್ನು ಒಂದೇ ಹಾಳೆಯಲ್ಲಿ ತುಂಬಬೇಕು. ನಕ್ಷೆ ಉಪಯುಕ್ತವೇ. ಆದರೆ ತರಗತಿಯೊಳಗೆ ಕುಳಿತು ಊಹೆಯಿಂದ ತುಂಬಿದ ಹಾಳೆಗೆ ಬೆಲೆಯಿಲ್ಲ. ಅಂಕಣಗಳು ಸಂತೆಯಲ್ಲಿ, ಬ್ಯಾಂಕಿನಲ್ಲಿ, ಗ್ಯಾರೇಜಿನಲ್ಲಿ ತುಂಬಬೇಕು.

ತೊಗರಿಯ ಲೆಕ್ಕ

ಕರ್ನಾಟಕದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೌರಫಲಕವನ್ನು ಅವರು ಕಂಡುಹಿಡಿಯಲಿಲ್ಲ. ಅವರು ರೂಪಿಸಿದ್ದು ಫಲಕದ ಸುತ್ತಲಿನ ವ್ಯವಸ್ಥೆಯನ್ನು: ಬಡ ಕುಟುಂಬಕ್ಕೆ ಗ್ರಾಮೀಣ ಬ್ಯಾಂಕಿನಿಂದ ಸಾಲ, ಮನೆ ಬಾಗಿಲಿಗೇ ದುರಸ್ತಿ ಸೇವೆ, ಬೀದಿ ವ್ಯಾಪಾರಿಗಳಿಗೆ ರಾತ್ರಿಯ ಮಟ್ಟಿಗೆ ಬಾಡಿಗೆಗೆ ದೀಪ. ತಿಂಗಳಿಗೆ ಮುನ್ನೂರು ರೂಪಾಯಿ ಹೊರೆಯೆನಿಸುವ ವ್ಯಾಪಾರಿಗೆ ದಿನಕ್ಕೆ ಹತ್ತು ರೂಪಾಯಿ ಸುಲಭ. ಮೊತ್ತ ಒಂದೇ ಆದರೂ ಹಣ ಕೈಗೆ ಬರುವ ಗತಿಗೆ ಹೊಂದಿಕೊಂಡ ಕಂತೇ ದೀಪವನ್ನು ಬೆಳಗಿಸಿತು.

ಈ ಪಾಠವನ್ನು ಹುಮನಾಬಾದಿಗೆ ಅನ್ವಯಿಸಿ ನೋಡೋಣ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ಪುಣೆ-ಹೈದರಾಬಾದ್ ಹೆದ್ದಾರಿಯಿದೆ, ಉಪಕರಣ ಮತ್ತು ಅಚ್ಚುಗಳ ತಯಾರಿಕೆ ಕಲಿಸುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗವೂ ಪೂರ್ಣಗೊಂಡಿತು. ಸುತ್ತಲ ಹೊಲಗಳಲ್ಲಿ ತೊಗರಿ, ಉದ್ದು, ಸೋಯಾ ಬೆಳೆಯುತ್ತವೆ. ಮೈಸೂರಿನ ಸಿಎಫ್‌ಟಿಆರ್‌ಐ ಸಣ್ಣ ಪ್ರಮಾಣದ ದಾಲ್ ಮಿಲ್ ಅನ್ನು ಅಭಿವೃದ್ಧಿಪಡಿಸಿ ಎಷ್ಟೋ ವರ್ಷಗಳಾಗಿವೆ. ಹೀಗಿರುವಾಗ ವಿದ್ಯಾರ್ಥಿಗಳ ತಂಡವೊಂದು ಹಳ್ಳಿಗೆ ಹೊಂದುವ, ಸದ್ದು ಕಡಿಮೆಯ, ಮಹಿಳೆಯರು ಸುಲಭವಾಗಿ ನಡೆಸಬಲ್ಲ ಮಿಲ್ ಒಂದನ್ನು ವಿನ್ಯಾಸ ಮಾಡಿತೆಂದು ಇಟ್ಟುಕೊಳ್ಳೋಣ.

ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ಮಿಲ್ಲಿನ ಸಾಲದ ಕಂತು ಮತ್ತು ಬಡ್ಡಿ ವರ್ಷಕ್ಕೆ 50,000 ರೂಪಾಯಿ. ಕಿಲೋ ತೊಗರಿ ಒಡೆಯಲು ಗಿರಾಕಿ ಕೊಡುವುದು 6 ರೂಪಾಯಿ. ವಿದ್ಯುತ್, ಕೂಲಿ, ದುರಸ್ತಿಗೆ ಹೋಗುವುದು 3 ರೂಪಾಯಿ. ಉಳಿಯುವ 3 ರೂಪಾಯಿಯಿಂದ ಕಂತು ತೀರಬೇಕಾದರೆ ವರ್ಷಕ್ಕೆ ಸುಮಾರು 167 ಕ್ವಿಂಟಲ್ ತೊಗರಿ ಮಿಲ್ಲಿಗೆ ಬರಬೇಕು. ತಲಾ 7 ಕ್ವಿಂಟಲ್ ಬೆಳೆಯುವ 24 ರೈತರು ತಮ್ಮ ಇಡೀ ಫಸಲನ್ನು ತಂದರೆ ಸಾಕು. ಹಾಳೆಯ ಮೇಲೆ ಇದು ಸುಲಭವಾಗಿಯೇ ಕಾಣುತ್ತದೆ.

ಆದರೆ ರಾಶಿಯಾದ ಕೂಡಲೇ ಸಣ್ಣ ರೈತ ಫಸಲನ್ನು ಎಪಿಎಂಸಿಗೆ ಒಯ್ಯುತ್ತಾನೆ. ಬೀಜ, ಗೊಬ್ಬರದ ಬಾಕಿ ತೀರಿಸಬೇಕು, ಮಕ್ಕಳ ಶುಲ್ಕ ಕಟ್ಟಬೇಕು. ಬೇಳೆ ಮಾಡಿ ಮಾರಿದರೆ ಹೆಚ್ಚು ಸಿಗುತ್ತದೆಂದು ಆತನಿಗೂ ಗೊತ್ತು, ಕಾಯುವ ಶಕ್ತಿ ಇಲ್ಲ. ಅಂದರೆ ಈ ಸಣ್ಣ ಮಿಲ್ಲಿನ ನಿಜವಾದ ಪ್ರತಿಸ್ಪರ್ಧಿ ಪಕ್ಕದ ದೊಡ್ಡ ಮಿಲ್ ಅಲ್ಲ, ಸುಗ್ಗಿಯಲ್ಲಿ ರೈತನಿಗಿರುವ ನಗದಿನ ತುರ್ತು. ಮೋಟಾರನ್ನು ಎಷ್ಟು ಸುಧಾರಿಸಿದರೂ ಆ ತುರ್ತು ನೀಗದು. ತೊಗರಿ ಒಪ್ಪಿಸಿದ ದಿನವೇ ಮುಂಗಡ ಕೊಡುವ, ಬೇಳೆ ಮಾರಿದ ಮೇಲೆ ಉಳಿದದ್ದನ್ನು ಚುಕ್ತಾ ಮಾಡುವ ಏರ್ಪಾಡು ಬೇಕು. ಆ ಮುಂಗಡದ ಹಣ ಯಾರದು? 1990ರ ದಶಕದಿಂದ ಸ್ವಸಹಾಯ ಸಂಘಗಳಿಗೆ ಸಾಲ ಕೊಟ್ಟ ಅನುಭವ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿಗಿದೆ. ಯಂತ್ರವನ್ನು ಮಾರದೆ ಬಾಡಿಗೆಗೆ ಒದಗಿಸುವ ರೂಢಿಯನ್ನು ರಾಜ್ಯದ ಕೃಷಿ ಯಂತ್ರಧಾರೆ ಯೋಜನೆ 2014-15ರಿಂದ ಹಳ್ಳಿಗಳಿಗೆ ಪರಿಚಯಿಸಿದೆ. ಇವೆಲ್ಲವನ್ನೂ ಜೋಡಿಸಿ ನೋಡುವ ವಿದ್ಯಾರ್ಥಿಗೆ ಮಿಲ್ಲಿನ ಸ್ವರೂಪವೇ ಬೇರೆಯಾಗಿ ತೋರಬಹುದು. ಊರಿಂದೂರಿಗೆ ಟ್ರ್ಯಾಕ್ಟರಿನಲ್ಲಿ ಸಾಗಿಸುವಂತಿರಬೇಕು; ಸುಗ್ಗಿ ಮುಗಿದ ಮೇಲೆ ಉದ್ದು, ಹೆಸರು ಒಡೆಯುವಂತಿರಬೇಕು; ತೂಕದ ಚೀಟಿ ಕೊಡುವಂತಿರಬೇಕು. ವ್ಯವಹಾರದ ಅರಿವು ಹೀಗೆ ವಸ್ತುವಿನ ಆಕಾರವನ್ನೇ ತಿದ್ದುತ್ತದೆ. ಇದು ವಿನ್ಯಾಸ ಮುಗಿದ ಮೇಲೆ ಅಂಟಿಸುವ ಬಾಲವಲ್ಲವೆನ್ನುವುದು ಈ ಕಾರಣಕ್ಕೇ.

ಬಿದರಿ ಕಲೆಯ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರಿಸುವ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಆದರೆ 2025ರಲ್ಲಿ ಕಿಲೋ ಬೆಳ್ಳಿಯ ದರ ಲಕ್ಷ ರೂಪಾಯಿಗಿಂತ ಬಹಳ ಮೇಲೆ ಹೋಯಿತು. ಮಾಲು ತಯಾರಾಗುವ ಮೊದಲೇ ಬೆಳ್ಳಿಗೆ ಹಣ ಹಾಕಬೇಕು, ಮಾರಾಟದ ಹಣ ತಿಂಗಳುಗಳ ನಂತರ ಬರುತ್ತದೆ. ಇಂಥ ಕುಶಲಕರ್ಮಿಗೆ ಹೊಸ ಆಕಾರದ ಹೂದಾನಿಯ ರೇಖಾಚಿತ್ರ ಕೊಟ್ಟು ಹೋಗುವ ವಿನ್ಯಾಸಕ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಕಡಿಮೆ ಬೆಳ್ಳಿ ಬೇಡುವ ಚಿತ್ತಾರ, ಮುಂಗಡ ಪಡೆದು ಮಾಡುವ ಬೇಡಿಕೆ, ಬೆಳ್ಳಿಯ ದರಕ್ಕೆ ತಕ್ಕಂತೆ ಬದಲಾಗುವ ಬೆಲೆಪಟ್ಟಿ ಇವು ಉಳಿದ ಅರ್ಧ.

ಬೆಲೆಯೆಂಬ ನೈತಿಕ ಪ್ರಶ್ನೆ

ವಿನ್ಯಾಸದ ವಿದ್ಯಾರ್ಥಿಗೆ ಲಾಭದ ಲೆಕ್ಕ ಕಲಿಸಿದರೆ ಆತ ಬಳಕೆದಾರನನ್ನು ಮರೆತು ಬಂಡವಾಳದ ಬಾಲ ಹಿಡಿಯುತ್ತಾನೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದುಬಾರಿ ಬಿಡಿಭಾಗಗಳಿಗೆ ಗಿರಾಕಿಯನ್ನು ಕಟ್ಟಿಹಾಕುವುದೂ ಒಂದು ವ್ಯವಹಾರ ಮಾದರಿಯೇ. ಆದರೆ ಲೆಕ್ಕ ಗೊತ್ತಿಲ್ಲದ ವಿನ್ಯಾಸಕನಿಂದ ಆ ಅನ್ಯಾಯ ನಿಲ್ಲುವುದಿಲ್ಲ. ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ ಅಷ್ಟೇ.

ಕಲ್ಯಾಣದ ಪರಂಪರೆಯಲ್ಲೇ ಈ ಚರ್ಚೆಗೆ ಒಂದು ನೆಲೆಯಿದೆ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರ ಕಥೆಯಲ್ಲಿ, ಹಗ್ಗಕ್ಕೆ ಸಲ್ಲಬೇಕಾದುದಕ್ಕಿಂತ ಬಹುಪಾಲು ಹೆಚ್ಚಿನ ಹಣ ಬಂದಾಗ ಅವರು ಅದನ್ನು ಒಪ್ಪುವುದಿಲ್ಲ. ಅವರಿಗೆ ತಮ್ಮ ಹಗ್ಗದ ನ್ಯಾಯವಾದ ಬೆಲೆ ಗೊತ್ತಿತ್ತು. ಹೆಚ್ಚನ್ನು ನಿರಾಕರಿಸಲು, ಕಡಿಮೆಯನ್ನು ಪ್ರಶ್ನಿಸಲು ಮೊದಲು ಬೆಲೆ ತಿಳಿದಿರಬೇಕು. ವ್ಯವಹಾರ ಮಾದರಿಯ ಪಾಠ ಇಲ್ಲಿಂದ ಆರಂಭವಾದರೆ ಆ ಆಕ್ಷೇಪಕ್ಕೆ ಉತ್ತರವೂ ಅದರಲ್ಲೇ ಇರುತ್ತದೆ.

ಆಗಬೇಕಾದದ್ದೇನು?

ಕೈಗಾರಿಕಾ ವಿನ್ಯಾಸದ ಪದವಿ ನಮ್ಮ ರಾಜ್ಯದಲ್ಲಿ ಇಂದಿಗೂ ಬಹುಮಟ್ಟಿಗೆ ಬೆಂಗಳೂರಿನ ಮಾತು. ಐಐಟಿಗಳ ವಿನ್ಯಾಸ ಪದವಿಗೆ 2015ರಿಂದ ನಡೆಯುತ್ತಿರುವ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿದೆ. ಕನ್ನಡ, ಉರ್ದು, ಮರಾಠಿಗಳ ನಡುವೆ ಬೆಳೆದ ಬಸವಕಲ್ಯಾಣದ ಹುಡುಗಿಗೆ ಆ ಬಾಗಿಲು ದೂರವೇ. ಹಾಗೆಂದು ಹೊಸ ಮಹಾವಿದ್ಯಾಲಯ ಬರುವವರೆಗೆ ಕಾಯಬೇಕಿಲ್ಲ. ಹುಮನಾಬಾದಿನ ಉಪಕರಣಾಗಾರದಲ್ಲಿ, ಬೀದರ್ ಮತ್ತು ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳು ಹೇಗೂ ನಡೆಯುತ್ತವೆ. ಪ್ರತಿ ಪ್ರಾಜೆಕ್ಟ್‌ಗೂ ನಾಲ್ಕು ಪ್ರಶ್ನೆಗಳ ಉತ್ತರವನ್ನು ಕಡ್ಡಾಯ ಮಾಡಲಿ: ಹಣ ಕೊಡುವವರು ಯಾರು, ಯಾವಾಗ ಕೊಡುತ್ತಾರೆ, ಕೆಟ್ಟರೆ ರಿಪೇರಿ ಯಾರದು, ನಷ್ಟವಾದರೆ ಹೊರುವವರು ಯಾರು. ಅಂಕಗಳಲ್ಲಿ ಒಂದು ಪಾಲು ಇದಕ್ಕೆ ಮೀಸಲಾಗಲಿ.

ತಂಡದಲ್ಲಿ ವಾಣಿಜ್ಯ ಪದವಿಯ ವಿದ್ಯಾರ್ಥಿಗಳೂ ಇರಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯುವ ತರಗತಿಯೊಂದರಲ್ಲಿ 2007ರಲ್ಲಿ ಹುಟ್ಟಿದ ಶಿಶು ಬೆಚ್ಚಗಿಡುವ ಚೀಲ ‘ಎಂಬ್ರೇಸ್’ ಮುಂದೆ ಬೆಂಗಳೂರನ್ನೇ ಕಾರ್ಯಕ್ಷೇತ್ರ ಮಾಡಿಕೊಂಡಿತು. ದಾನಕ್ಕೊಂದು ಸಂಸ್ಥೆ, ಮಾರಾಟಕ್ಕೊಂದು ಸಂಸ್ಥೆ ಎಂದು ಅದು ತನ್ನ ವ್ಯವಸ್ಥೆಯನ್ನೇ ಮರುವಿನ್ಯಾಸ ಮಾಡಿಕೊಳ್ಳಬೇಕಾಯಿತು. ನಮ್ಮ ವಿದ್ಯಾರ್ಥಿಗಳು ತಮ್ಮ ಕೈಯಾರೆ ಮಾಡಿದ ಹತ್ತು ವಸ್ತುಗಳನ್ನಾದರೂ ಸಂತೆಯಲ್ಲಿ ಮಾರಿ, ಆರು ತಿಂಗಳ ನಂತರ ಕೊಂಡವರ ಮನೆಗೆ ಹೋಗಿ ವಿಚಾರಿಸಲಿ. ಆ ಭೇಟಿ ಕಲಿಸುವುದನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ಮೂಲಕ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಬಂದಿದೆ, ಅದು ಅಗತ್ಯವೂ ಹೌದು. ಆದರೆ ಸರ್ಕಾರಿ ನೌಕರಿ ಎಲ್ಲರಿಗೂ ಸಿಗುವುದಿಲ್ಲ. ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಇಲ್ಲಿನ ಐಟಿಐ, ಡಿಪ್ಲೊಮಾ ಕಲಿತ ಯುವಕರು ಕೂತಿರುತ್ತಾರೆ. ಅವರಿಗೆ ವಸ್ತು ಮಾಡಲು ಬರುತ್ತದೆ. ಮಾಡಿದ್ದನ್ನು ಊರಿನಲ್ಲೇ ನಿಂತು ಬದುಕಾಗಿಸಿಕೊಳ್ಳುವ ದಾರಿಯನ್ನು ನಾವು ಕಲಿಸಿಲ್ಲ. ಮುಂದಿನ ಶೈಕ್ಷಣಿಕ ವರ್ಷದ ಪ್ರಾಜೆಕ್ಟ್ ಪಟ್ಟಿ ಸಿದ್ಧವಾಗುವ ಮುನ್ನ ಕಾಲೇಜುಗಳ ಆಡಳಿತ ಮಂಡಳಿಗಳು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕು.