ಗೆದ್ದರೂ ಕೈಗೆ ಬಾರದ ಹಣ

ಅಂತರ್ಜಾಲದಲ್ಲಿ ಜೂಜು ನಡೆಸುವವರು ಸೋತವನ ಹಣವನ್ನು ಆ ಕ್ಷಣವೇ ಸೆಳೆದುಕೊಳ್ಳುವರು. ಗೆದ್ದವನು ಕೇಳಿದರೆ, ನಿಯಮಭಂಗವಾಯಿತೆಂದು ಖಾತೆಯನ್ನೇ ಮುಚ್ಚುವರು. ಅಂಥವನಿಗೆ ನ್ಯಾಯಸ್ಥಾನವೂ ಒದಗದು. ೧೮೭೨ರ ಕರಾರು ಕಾಯಿದೆಯ ೩೦ನೆಯ ಪ್ರಕರಣದಂತೆ ಪಣದ ಕರಾರು ಅಸಿಂಧು. ಗೆದ್ದ ಹಣಕ್ಕೆ ದಾವೆ ನಡೆಯದು. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯು ಹಣದ ಆಟ ನಡೆಸುವವರಿಗೆ ೩ ವರ್ಷದವರೆಗೆ ಸಜೆಯನ್ನೂ ೧ ಕೋಟಿ ರೂಪಾಯಿವರೆಗೆ ಜುಲ್ಮಾನೆಯನ್ನೂ ವಿಧಿಸಿದೆ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದರೆ ಸಮುದ್ರದಾಚೆ ಕುಳಿತವನಿಗೆ ನಮ್ಮ ಸೆರೆಮನೆಯ ಭಯವೆಷ್ಟು?

ಶ್ರೀನಿವಾಸಪುರದ ಮಾವಿನ ಹಣ, ಕೋಲಾರದ ಟೊಮೇಟೊ ಹಣ, ಮಾಲೂರಿನ ಕಾರ್ಖಾನೆಯ ಸಂಬಳ, ಎಲ್ಲವೂ ಬೆವರಿನ ಸಂಪಾದನೆ. ಅದನ್ನು ಈ ಹಾಳುಬಾವಿಗೆ ಸುರಿಯಬಾರದೆಂದು ತರುಣರಿಗೆ ಹೇಳುತ್ತೇವೆ. ಮೋಸಹೋದವರು ನಾಚಿ ಕೂರದೆ ಸಹಾಯವಾಣಿ ೧೯೩೦ಕ್ಕೆ ತಿಳಿಸಲಿ; ಪೋಲೀಸಿನವರು ಗದರಿಸದೆ ದೂರನ್ನು ಬರೆದುಕೊಳ್ಳಲಿ. ದೂರಿಲ್ಲದೆ ಕಾಯಿದೆಯು ಕಾಗದದಲ್ಲಿಯೇ ಉಳಿಯುವುದು.