ಬೆರಳ ತುದಿಯ ರಕ್ತ, ಮನದ ಭಾರ



ಬೆರಳು ಚುಚ್ಚಿ ತೆಗೆದ ರಕ್ತದಿಂದ ಮನದ ಒತ್ತಡವನ್ನು ಮನೆಯಲ್ಲಿಯೇ ಅರಿಯುವ ಪರೀಕ್ಷೆಗಳು ಈಗ ಮಾರಾಟಕ್ಕೆ ಬಂದಿವೆ. ಅವು ಅಳೆಯುವುದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು. ಇದು ಮುಂಜಾನೆ ಏರಿ ನಡುರಾತ್ರಿ ಇಳಿಯುವುದು ದೇಹಧರ್ಮ. ಆಸ್ಪತ್ರೆಗಳಲ್ಲಿ ಬೆಳಿಗ್ಗೆ 8 ಗಂಟೆಯ ಸುಮಾರಿಗೆ ರಕ್ತ ತೆಗೆಯುವುದು ಇದಕ್ಕಾಗಿಯೇ. ವೇಳೆಯನ್ನರಿಯದೆ ಓದಿದ ಅಂಕಿಗೆ ಅರ್ಥವಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆ ಕೃಷಿಕರು ಹುಳು ಹಣ್ಣಾದಾಗ ರಾತ್ರಿಯೂ ಎಚ್ಚರವಿದ್ದು ಚಂದ್ರಿಕೆಗೆ ಬಿಡುವುದುಂಟು. ನಿದ್ರೆಗೆಟ್ಟವರಲ್ಲಿ ಈ ಏರಿಳಿತವೂ ಕದಡಬಹುದು. ಉಬ್ಬಸ, ಕೀಲುಬೇನೆಗಳಿಗೆ ಸ್ಟೀರಾಯ್ಡ್ ಸೇವಿಸುವವರಲ್ಲಂತೂ ಅಂಕಿಯೇ ದಾರಿ ತಪ್ಪಿಸೀತು. ಅದನ್ನು ಕಂಡು ಬಹುದಿನದ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಾಪಾಯವುಂಟು.

ಆದುದರಿಂದ ಅಂಕಿಯನ್ನು ವೈದ್ಯರ ಮುಂದಿಡಿರಿ; ಗೂಡಿನ ಬೆಲೆ ಕುಸಿದ ಚಿಂತೆಯನ್ನು ಮನೆಯವರೊಡನೆ ಹಂಚಿಕೊಳ್ಳಿರಿ. ಕಾಯಕನಿಷ್ಠನಿಗೆ ದೇಹವೂ ಶಿವನಿತ್ತ ಪ್ರಸಾದವೇ. ಅದಕ್ಕೆ ಸಲ್ಲಬೇಕಾದ ನಿದ್ರೆಯನ್ನು ಸಲ್ಲಿಸುವುದೂ ಧರ್ಮವೇ.