ಕ್ರಿಪ್ಟೋ ನಾಣ್ಯವೂ ಸಂಸಾರಿಯ ಸ್ವಾತಂತ್ರ್ಯವೂ

“ಬ್ಯಾಂಕಿನ ಹಂಗಿಲ್ಲ, ಸರ್ಕಾರದ ಮುದ್ರೆ ಬೇಕಿಲ್ಲ, ನಿಮ್ಮ ಹಣಕ್ಕೆ ನೀವೇ ಒಡೆಯರು” ಎಂಬ ಮಾತು ವೈಟ್‌ಫೀಲ್ಡಿನ ಕಚೇರಿಗಳ ತರುಣರಲ್ಲಿ ಮಾತ್ರವಲ್ಲದೆ ಪೀಣ್ಯದಲ್ಲಿ ಲೇತಿನ ಮುಂದೆ ನಿಂತು ದುಡಿಯುವವರಲ್ಲಿಯೂ ಈಗ ಬಳಕೆಗೆ ಬಂದಿರುವುದು. ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳು ಸಾಮಾನ್ಯ ಸಂಸಾರಿಗೆ ಇಂತಹ ಸ್ವಾತಂತ್ರ್ಯವನ್ನು ಕೊಡಬಲ್ಲವೇ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಲು ಬಯಸುತ್ತೇವೆ.

ಸತೋಶಿ ನಾಕಾಮೋಟೊ ಎಂಬ ಹೆಸರಿನ ಮರೆಯಲ್ಲಿದ್ದವರಾರೋ 2009ರ ಜನವರಿಯಲ್ಲಿ ಬಿಟ್‌ಕಾಯಿನ್ನನ್ನು ಚಲಾವಣೆಗೆ ತಂದರು. ಅದು ಕೈಗೆ ಸಿಕ್ಕುವ ನಾಣ್ಯವಲ್ಲ. ಲೋಕದ ಸಾವಿರಾರು ಗಣಕಯಂತ್ರಗಳು ಕೂಡಿ ಇಟ್ಟುಕೊಂಡಿರುವ ಲೆಕ್ಕದ ಪುಸ್ತಕದಲ್ಲಿನ ಒಂದು ಬರೆಹ. ಒಟ್ಟು 2 ಕೋಟಿ 10 ಲಕ್ಷಕ್ಕೆ ಮೀರಿ ಹುಟ್ಟಕೂಡದೆಂಬುದು ಅದರ ಕಟ್ಟಳೆ. ಆದುದರಿಂದ ಯಾವ ಸರ್ಕಾರವೂ ಮನಬಂದಷ್ಟು ಅಚ್ಚುಹಾಕಿ ಅದರ ಬೆಲೆಯನ್ನು ತಗ್ಗಿಸಲಾರದು. ಕಲ್ಪನೆಯು ಚಮತ್ಕಾರವಾದುದೆಂಬುದನ್ನು ನಾವು ಅಲ್ಲಗಳೆಯೆವು. ಬ್ಯಾಂಕುಗಳನ್ನು ಕುರಿತ ಅಪನಂಬಿಕೆಯೂ ನಿರಾಧಾರವಾದುದಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ವೃದ್ಧರ ಪಾಡೇನಾಯಿತೆಂಬುದು ಬೆಂಗಳೂರಿನವರಿಗೆ ಹೇಳಬೇಕಾದುದಿಲ್ಲ.

ಆದರೆ ಬ್ಯಾಂಕಿನ ಠೇವಣಿಗೆ ಐದು ಲಕ್ಷ ರೂಪಾಯಿಗಳವರೆಗೆ ವಿಮೆಯ ಆಸರೆಯಾದರೂ ಉಂಟು. ಕ್ರಿಪ್ಟೋ ನಾಣ್ಯಕ್ಕೆ ಅದೂ ಇಲ್ಲ. ಇನ್ನೊಂದು ಸಂಗತಿ ವಿನೋದವಾದುದು. ಬ್ಯಾಂಕು ಬೇಡವೆಂದು ಹೊರಟವನು ಮೊದಲು ತನ್ನ ಬ್ಯಾಂಕಿನಿಂದಲೇ ರೂಪಾಯಿಗಳನ್ನು ಒಂದು ವಿನಿಮಯ ಕಂಪನಿಗೆ ಕಳುಹಿಸುವನು; ಕೊಂಡ ನಾಣ್ಯವನ್ನು ಆ ಕಂಪನಿಯ ವಶದಲ್ಲಿಯೇ ಬಿಡುವನು. ಒಡೆಯನು ಬದಲಾದನೇ ಹೊರತು ಹಂಗು ಹೋಗಲಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಕಂಪನಿಯಿಂದ ಸುಮಾರು 23 ಕೋಟಿ ಡಾಲರು ಬೆಲೆಯ ನಾಣ್ಯಗಳು ಕಳುವಾದುವು. ಗಿರಾಕಿಗಳು ತಮ್ಮ ನಾಣ್ಯಗಳನ್ನು ಹಿಂದಕ್ಕೆ ಪಡೆಯಲಾರದೆ ಒಂದು ವರ್ಷಕ್ಕೂ ಮೀರಿ ಕಾದರು. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಕಂಪನಿಯಿಂದ ಸುಮಾರು 4 ಕೋಟಿ 40 ಲಕ್ಷ ಡಾಲರು ಹೋಯಿತು. ಅದು ಕಂಪನಿಯ ಸ್ವಂತ ಹಣವಾದುದರಿಂದ ಗಿರಾಕಿಗಳು ಬದುಕಿಕೊಂಡರು.

ಕಾನೂನಿನ ಏರಿಳಿತವನ್ನೂ ಕಂಡಿದ್ದೇವೆ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯಾಪಾರಕ್ಕೆ ಬ್ಯಾಂಕುಗಳ ಬಾಗಿಲನ್ನು ಮುಚ್ಚಿಸಿತು. ಅದೇ ಅಕ್ಟೋಬರಿನಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ಇಂತಹ ನಾಣ್ಯಕ್ಕಾಗಿ ಒಂದು ಯಂತ್ರವನ್ನು ಇಟ್ಟರು; ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ಹೊತ್ತುಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆಜ್ಞೆಯನ್ನು ರದ್ದುಗೊಳಿಸಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ ಬಂದಿತು. ಈ ತೆರಿಗೆಯ ಗುಟ್ಟನ್ನು ಸಂಸಾರಿಗಳು ಅರಿಯಬೇಕು: ಒಂದು ನಾಣ್ಯದಲ್ಲಾದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ ಹತ್ತು ಸಾವಿರ ಬಂದು ಮತ್ತೊಂದರಲ್ಲಿ ಹತ್ತು ಸಾವಿರ ಹೋದರೆ, ಗಳಿಕೆ ಸೊನ್ನೆ. ತೆರಿಗೆ ಮಾತ್ರ ಮೂರು ಸಾವಿರ, ಅದರ ಮೇಲೆ ಸೆಸ್ಸು ಬೇರೆ.

ಬೆಲೆಯ ಮಾತಿಗೆ ಬರೋಣ. 2021ರ ನವೆಂಬರಿನಲ್ಲಿ 69,000 ಡಾಲರಿನ ಸಮೀಪಕ್ಕೆ ಏರಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 17,000ಕ್ಕಿಂತ ಕೆಳಗಿಳಿಯಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿದುದೂ ನಿಜವೇ. ಕಾಯಬಲ್ಲವನು ಗೆದ್ದನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದೊಡ್ಡ ಸಂಬಳ ತರುವ ಒಂಟಿ ತರುಣನು ಕಾಯಬಲ್ಲನು. ಆದರೆ ಜೂನ್ ತಿಂಗಳ ಶಾಲೆಯ ಫೀಜು ಕಾಯುವುದೇ? ಮನೆಯ ಬಾಡಿಗೆ, ಹೆರಿಗೆಯ ಖರ್ಚು, ಊರಿನಲ್ಲಿರುವ ತಾಯಿಯ ಔಷಧ ಕಾಯುವುವೇ? ಪೀಣ್ಯದ ಕೂಲಿಕಾರನಿಗೆ ಹಣ ಬೇಕಾಗುವುದು ಬೆಲೆ ಬಿದ್ದ ದಿನವೇ ಆದರೆ ಅವನು ಆ ದಿನವೇ ಮಾರಬೇಕು. ಈ ನಾಣ್ಯದ ಸ್ವಾತಂತ್ರ್ಯವು ಆಗಲೇ ಸ್ವತಂತ್ರನಾಗಿರುವವನಿಗೆ ಮಾತ್ರ ದಕ್ಕುವುದೆಂದು ನಮಗೆ ತೋರುತ್ತದೆ. ಅರ್ಜೆಂಟೀನದಂತೆ ಸ್ವಂತ ನಾಣ್ಯವೇ ಕರಗಿಹೋಗುವ ದೇಶದಲ್ಲಿ ಬಡವನಿಗೂ ಇದರಿಂದ ಉಪಯೋಗವಿರಬಹುದು. ನಮ್ಮಲ್ಲಿಯಾದರೋ ರಾಯಚೂರಿನ ಮನೆಗೆ ಹಣ ಕಳುಹಿಸಬೇಕಾದವನು ಯುಪಿಐ ಮೂಲಕ ಖರ್ಚಿಲ್ಲದೆ ಆ ಕ್ಷಣವೇ ಕಳುಹಿಸುತ್ತಿದ್ದಾನೆ.

ಇಷ್ಟಾದರೂ ನಮ್ಮ ವಾಚಕರ ಮನೆಗಳಲ್ಲಿ ಈಗಾಗಲೇ ಕೊಂಡಿರುವವರುಂಟು. ಅಂತಹವರ ಮನೆಯವರು ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳುವುದು ಅಗತ್ಯ. ನಾಣ್ಯವನ್ನು ಕಂಪನಿಯಲ್ಲಿಡದೆ ತಾನೇ ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗುಟ್ಟಿನ ಪದಗಳೇ ಬೀಗದ ಕೈ. ಅವು ಅವನ ತಲೆಯಲ್ಲಿ ಮಾತ್ರ ಇದ್ದು, ಅವನಿಗೆ ಏನಾದರೂ ಆದರೆ, ಹೆಂಡತಿಮಕ್ಕಳು ಹೋಗಿ ಕೇಳಲು ಮ್ಯಾನೇಜರನಿಲ್ಲ, ನಾಮಿನಿಯ ಕಾಗದವಿಲ್ಲ, ಅರ್ಜಿ ಹಾಕಲು ಕೋರ್ಟಿದ್ದರೂ ಬೀಗವನ್ನು ತೆರೆಯುವವರಿಲ್ಲ. ಆ ಪದಗಳನ್ನು ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಮುಚ್ಚಿ, ಒಡವೆ ಮತ್ತು ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಟ್ಟು, ಅದು ಏನೆಂಬುದನ್ನು ಹೆಂಡತಿಗೆ ತಿಳಿಸಿರಬೇಕು. ದೂರವಾಣಿಯಲ್ಲಿ ಕೇಳಿದವರಿಗೆ, ಪೊಲೀಸರೆಂದು ಹೇಳಿಕೊಂಡವರಿಗೂ, ಅದನ್ನು ಓದಿ ಹೇಳಕೂಡದು.